ನಗುತ್ತಲೇ ‘ಬೇಡ’ ಅನ್ನುವ ಹುಡುಗಿಯರು

ಅದಿಘೆ ಜನರ ಹಳೆಯ ಮನೆಗಳಲ್ಲಿ, ಅನುಕೂಲ ಇದ್ದರೆ, ಮದುವೆ ವಯಸ್ಸಿನ ಹುಡುಗಿಗೆ ತನ್ನದೇ ಒಂದು ಕೋಣೆ ಇರುತ್ತಿತ್ತು. ಅವಳನ್ನು ಇಷ್ಟಪಟ್ಟ ಹುಡುಗ ಅಲ್ಲಿಗೇ ಬರುತ್ತಿದ್ದ. ಕದ್ದುಮುಚ್ಚಿ ಅಲ್ಲ, ಮನೆಯವರಿಗೆ ಗೊತ್ತಿದ್ದೇ ಬರುತ್ತಿದ್ದ. ಅವನ ಜೊತೆ ಒಬ್ಬ ಗೆಳೆಯ ಇರುತ್ತಿದ್ದ. ಅವಳ ಪಕ್ಕದಲ್ಲೂ ಯಾರಾದರೂ ಇರುತ್ತಿದ್ದರು. ಅಪ್ಪ ಅಮ್ಮ ಮಾತ್ರ ಆ ಕಡೆ ತಲೆ ಹಾಕುತ್ತಿರಲಿಲ್ಲ. ಹುಡುಗ ಹುಡುಗಿ ಕೂತು ಮಾತಾಡುತ್ತಿದ್ದರು. ಮಾತು ಅಂದರೆ ಆಣೆ ಪ್ರಮಾಣ ಅಲ್ಲ, ಕಣ್ಣೀರಿನ ಪ್ರೇಮ ನಿವೇದನೆಯೂ ಅಲ್ಲ. ಪೂರ್ತಿ ತಮಾಷೆ. ಒಬ್ಬರ ಮಾತನ್ನು ಇನ್ನೊಬ್ಬರು ಹಿಡಿದು, ತಿರುಗಿಸಿ, ವಾಪಸ್ ಎಸೆಯುವ ಆಟ.

ಅದಿಘೆ ಅಂದರೆ ಹೊರಗಿನವರು ಸರ್ಕೇಶಿಯನ್ ಅಥವಾ ಚೆರ್ಕೆಸ್ ಎಂದು ಕರೆಯುವ ಜನ. ಕಪ್ಪು ಸಮುದ್ರದ ಪೂರ್ವ ದಂಡೆಯಿಂದ ಕಾಕಸಸ್ ಬೆಟ್ಟಗಳ ಉತ್ತರ ತಪ್ಪಲಿನವರೆಗೆ ಅವರ ನಾಡು. ಈಗ ರಷ್ಯಾದ ಒಳಗೆ ಅದಿಗೆಯಾ, ಕರಾಚಾಯ್-ಚೆರ್ಕೆಸ್ಸಿಯಾ, ಕಬಾರ್ಡಿನೋ-ಬಲ್ಕಾರಿಯಾ ಎಂಬ ಮೂರು ಗಣರಾಜ್ಯಗಳಲ್ಲಿ ಹಂಚಿಹೋಗಿದ್ದಾರೆ. ಅವರಿಗಿಂತ ಜಾಸ್ತಿ ಜನ ಇರುವುದು ಟರ್ಕಿಯಲ್ಲಿ. ಜೋರ್ಡಾನ್, ಸಿರಿಯಾಗಳಲ್ಲೂ ಇದ್ದಾರೆ. ಇಸ್ರೇಲಿನಲ್ಲಿ ಕ್ಫಾರ್ ಕಾಮಾ, ರೆಹಾನಿಯಾ ಅನ್ನುವ ಎರಡು ಹಳ್ಳಿಗಳಿವೆ. ಇಷ್ಟು ದೂರ ಯಾಕೆ ಚದುರಿದರು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಇವರ ಬಗ್ಗೆ ಓದಲು ಶುರು ಮಾಡಿದರೆ ಮೊದಲು ಎದುರಾಗುವುದು ಶಿಸ್ತು. ‘ಖಬ್ಜೆ’ ಎಂಬ ಬರೆಯದ ಕಟ್ಟಳೆ. ಹಿರಿಯರು ಒಳಗೆ ಬಂದರೆ ಎದ್ದು ನಿಲ್ಲಬೇಕು. ದಾರಿಯಲ್ಲಿ ಹಿರಿಯರ ಯಾವ ಪಕ್ಕದಲ್ಲಿ ನಡೆಯಬೇಕು ಅನ್ನುವುದಕ್ಕೂ ನಿಯಮ. ಅಪ್ಪ ತನ್ನ ಮಗುವನ್ನು ಹಿರಿಯರ ಎದುರು ಎತ್ತಿಕೊಳ್ಳುವ ಹಾಗಿಲ್ಲ. ಸೊಸೆ ಅತ್ತೆ ಮಾವನ ಹೆಸರು ಹೇಳುವ ಹಾಗಿಲ್ಲ. ಇಷ್ಟು ಬಿಗಿಯಾದ ಸಮಾಜದಲ್ಲಿ ಹುಡುಗ ಹುಡುಗಿ ರಾತ್ರಿ ಹೊತ್ತು ಕೂತು ಹರಟುವುದಕ್ಕೆ ಹೇಗೆ ಬಿಟ್ಟರು? ಕಟ್ಟಳೆ ಬಿಗಿಯಾಗಿ ಇದ್ದದ್ದರಿಂದಲೇ ಬಿಟ್ಟರು ಅಂತ ನನಗನ್ನಿಸುತ್ತದೆ. ತಮಾಷೆಯೂ ಆ ಕಟ್ಟಳೆಯ ಒಳಗೇ ಇತ್ತು. ಅದಕ್ಕೆ ‘ಸೆಮೆರ್ಕೊ’ ಎಂಬ ಹೆಸರಿದೆ, ಅದರದೇ ನಿಯಮಗಳಿವೆ. ಎದುರಿನವರ ಮೈಮೇಲಿನ ಊನವನ್ನು ಆಡಿಕೊಳ್ಳಬಾರದು. ಹೊಲಸು ಮಾತು ಬರಬಾರದು. ಹಿರಿಯರ ಮುಂದೆ ಆಡಬಾರದು. ತಮಾಷೆಗೆ ಸಿಟ್ಟು ಮಾಡಿಕೊಂಡವನು ಅಲ್ಲೇ ಸೋತ ಹಾಗೆ. ಉತ್ತರ ತೋಚದೆ ಸುಮ್ನೆ ಕೂತವನ ಕಥೆಯೂ ಅಷ್ಟೇ.

ಈ ಕೊನೆಯ ಎರಡು ನಿಯಮ ಸ್ವಲ್ಪ ಯೋಚಿಸಿ ನೋಡಿ. ಮದುವೆಯಾಗಬೇಕಾದ ಹುಡುಗನಲ್ಲಿ ಏನನ್ನು ನೋಡಬೇಕು? ಕುದುರೆ ಸವಾರಿ, ಧೈರ್ಯ, ಮನೆತನ ಇವೆಲ್ಲ ಊರಿಗೇ ಗೊತ್ತಿರುತ್ತದೆ. ಅವನಿಗೆ ಸಿಟ್ಟು ಎಷ್ಟು ಬೇಗ ಬರುತ್ತದೆ, ಎಲ್ಲರ ಮುಂದೆ ಒಂದು ಹೆಣ್ಣಿನ ಮಾತಿಗೆ ಸೋತರೆ ಅವನ ಮುಖ ಹೇಗಾಗುತ್ತದೆ ಅನ್ನುವುದು ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ತಿಳಿಯೋಕೆ ಅವನನ್ನು ಚುಚ್ಚಿಯೇ ನೋಡಬೇಕು. ಹುಡುಗಿ ಮಾಡುತ್ತಿದ್ದದ್ದು ಅದನ್ನೇ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ಅದು ಹಗೆಯ ನಾಡು. ಮಾನಕ್ಕೆ ಪೆಟ್ಟು ಬಿದ್ದರೆ ಕತ್ತಿ ಹೊರಗೆ ಬರುತ್ತಿತ್ತು. ಒಂದು ಕೊಲೆಗೆ ಇನ್ನೊಂದು ಕೊಲೆ, ತಲೆಮಾರುಗಟ್ಟಲೆ. ಅಂಥ ಕಡೆ ಒಬ್ಬ ಗಂಡಸಿಗೆ ಹುಡುಗಿ ‘ನೀನು ಬೇಡ’ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದರೆ ಏನಾಗಬಹುದು? ಅದಕ್ಕೇ ಕೇಳುವವನೂ ನೇರವಾಗಿ ಕೇಳುತ್ತಿರಲಿಲ್ಲ, ಹೇಳುವವಳೂ ನೇರವಾಗಿ ಹೇಳುತ್ತಿರಲಿಲ್ಲ. ಎಷ್ಟೋ ಸಲ ಹುಡುಗ ಬಾಯಿಯನ್ನೇ ಬಿಡುತ್ತಿರಲಿಲ್ಲ. ಅವನ ಪರವಾಗಿ ಮಾತಾಡುವ ಕೆಲಸ ಗೆಳೆಯನದು.

ಅದು ಹೇಗೆ ನಡೆಯುತ್ತಿತ್ತು ಅನ್ನುವುದನ್ನು ನಾನೇ ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಗೆಳೆಯ ಅನ್ನುತ್ತಾನೆ: ‘ಇವನ ಕುದುರೆಗೆ ಏನೋ ಆಗಿದೆ. ನಿಮ್ಮ ಬೇಲಿ ಹತ್ತಿರ ಬಂದರೆ ಮುಂದಕ್ಕೆ ಹೆಜ್ಜೆಯೇ ಇಡುವುದಿಲ್ಲ.’ ಹುಡುಗಿಗೆ ಮನಸ್ಸಿಲ್ಲದಿದ್ದರೆ: ‘ಪಾಪ, ಬಾಯಾರಿಕೆ ಆಗಿರಬೇಕು. ನೀರು ಕುಡಿಸಿ, ಕತ್ತಲಾಗುವ ಮೊದಲು ಮನೆಗೆ ಹೊಡೆದುಕೊಂಡು ಹೋಗಿ.’ ಮನಸ್ಸಿದ್ದರೆ: ‘ಮೊದಲೇ ಹೇಳಬಾರದಿತ್ತಾ? ಮುಂದಿನ ಸಲಕ್ಕೆ ಹುಲ್ಲು ತೆಗೆದಿಟ್ಟಿರುತ್ತೇನೆ.’ ಎಲ್ಲರೂ ನಗುತ್ತಾರೆ. ಮೊದಲನೆಯ ಉತ್ತರದಲ್ಲಿ ತಿರಸ್ಕಾರ ಆಗಿದ್ದು ಕುದುರೆಗೆ. ಹುಡುಗ ಬಂದ ಹಾಗೇ ತಲೆ ಎತ್ತಿಕೊಂಡು ಹೋಗಬಹುದು. ನಾಳೆ ಎಲ್ಲಾದರೂ ಎದುರು ಸಿಕ್ಕಿದರೆ ಇಬ್ಬರೂ ಮುಖ ತಿರುಗಿಸಬೇಕಾಗಿಲ್ಲ. ಅವನ ಮಾನ ಅವನ ಹತ್ತಿರವೇ ಇದೆ, ಅವಳ ನಿರ್ಧಾರ ಅವಳ ಹತ್ತಿರ.

ಟರ್ಕಿಯ ಸರ್ಕೇಶಿಯನ್ ಹಳ್ಳಿಗಳಲ್ಲಿ ಇದು ದೊಡ್ಡ ಕೂಟವಾಗಿ ಬೆಳೆಯಿತು. ಅದನ್ನು ‘ಝೆಖೆಸ್’ ಅನ್ನುತ್ತಾರೆ. ಕೈಸೇರಿ ಪ್ರಾಂತದಲ್ಲಿ ಉಜುನ್‌ಯಾಯ್ಲಾ ಎಂಬ ಎತ್ತರದ ಬಯಲಿದೆ. ಅಲ್ಲಿನ ಕಬಾರ್ಡಿಯನ್ (ಅದಿಘೆಗಳದೇ ಒಂದು ಪಂಗಡ) ಹಳ್ಳಿಗಳು ಈ ಕೂಟಗಳಿಗೆ ಹೆಸರುವಾಸಿ. ಬೇರೆ ಊರಿಂದ ಯಾರಾದರೂ ಅತಿಥಿಯಾಗಿ ಬಂದರೆ ಸಾಕು, ರಾತ್ರಿ ಒಂದು ಮನೆಯಲ್ಲಿ ಹುಡುಗ ಹುಡುಗಿಯರು ಸೇರುತ್ತಿದ್ದರು. ಒಂದು ಕಡೆ ಹುಡುಗಿಯರು, ಎದುರಿಗೆ ಹುಡುಗರು. ಕೂಟ ನಡೆಸುವ ಹಿರಿಯನಿಗೆ ‘ಥಮಾದೆ’ ಎಂದು ಹೆಸರು. ಹಿರಿಯ ಅಂದರೆ ಆ ಗುಂಪಿನಲ್ಲೇ ವಯಸ್ಸಿನಲ್ಲಿ ಸ್ವಲ್ಪ ದೊಡ್ಡವನು. ಮಾತು ಎಲ್ಲೆ ಮೀರಿದರೆ ತಡೆಯುವುದು, ಮೂಲೆಯಲ್ಲಿ ಮುದುಡಿ ಕೂತವರನ್ನು ಮಾತಿಗೆ ಎಳೆಯುವುದು ಅವನ ಕೆಲಸ.

ಅತಿಥಿ ಬಂದರೇ ಯಾಕೆ ಕೂಟ? ಅದಿಘೆಗಳಲ್ಲಿ ಒಂದೇ ಮನೆತನದ ಒಳಗೆ ಮದುವೆ ಇಲ್ಲ. ಏಳು ತಲೆಮಾರಿನವರೆಗೆ ರಕ್ತಸಂಬಂಧ ಇದ್ದರೂ ಇಲ್ಲ. ಅವರು ಮುಸ್ಲಿಮರು. ಸುತ್ತಲಿನ ಎಷ್ಟೋ ಮುಸ್ಲಿಂ ಸಮಾಜಗಳಲ್ಲಿ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳ ಮದುವೆ ಮಾಮೂಲು. ಇವರಿಗೆ ಅದು ಯೋಚಿಸಲೂ ಆಗದ ಮಾತು. ಹೀಗಾಗಿ ತಮ್ಮ ಊರಿನ ಹುಡುಗರು ಅಣ್ಣತಮ್ಮಂದಿರ ಲೆಕ್ಕ. ಹೊರಗಿಂದ ಬಂದವನೇ ವರ ಆಗಬಹುದಾದವನು. ಊರಿನ ಹುಡುಗರು ಅದೇ ಕೋಣೆಯಲ್ಲಿ ಕೂತು, ತಮ್ಮೂರಿನ ಹುಡುಗಿ ಹೊರಗಿನವನನ್ನು ಮಾತಿನಲ್ಲಿ ಸೋಲಿಸುವುದನ್ನು ನೋಡಿ ಖುಷಿ ಪಡುತ್ತಿದ್ದರು. ಕಾವಲೂ ಅವರೇ, ಪ್ರೇಕ್ಷಕರೂ ಅವರೇ.

ಈ ಕೂಟದಲ್ಲಿ ಹುಡುಗ ಹುಡುಗಿ ಒಬ್ಬರಿಗೊಬ್ಬರು ‘ಕಶೆನ್’ ಆಗಬಹುದು. ಇದನ್ನು ಹೊರಗಿನವರಿಗೆ ಅರ್ಥ ಮಾಡಿಸುವುದು ಸ್ವಲ್ಪ ಕಷ್ಟ. ಕಶೆನ್ ಅಂದರೆ ಪ್ರೇಮಿ ಅಂತ ಅಂದುಕೊಂಡರೆ ತಪ್ಪಾಗುತ್ತದೆ. ಒಬ್ಬ ಹುಡುಗಿಗೆ ಒಂದೇ ಸಮಯದಲ್ಲಿ ಹಲವರು ಕಶೆನ್ ಇರಬಹುದು, ಹುಡುಗನಿಗೂ ಅಷ್ಟೇ. ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ. ಇದರಲ್ಲಿ ತಮಾಷೆಯ ಕಶೆನ್ ಅಂತಲೇ ಒಂದು ಬಗೆ ಇದೆ. ಸುಮ್ಮನೆ ಕಾಲೆಳೆಯುವ ಸಂಬಂಧ, ಮದುವೆಯ ಮಾತೇ ಇಲ್ಲ. ಇನ್ನೊಂದು ಬಗೆ ನಿಜವಾದದ್ದು. ಯಾವುದು ತಮಾಷೆ, ಯಾವುದು ನಿಜ ಅನ್ನುವುದು ಎಷ್ಟೋ ದಿನ ಹೊರಗಿನವರಿಗೆ ಗೊತ್ತಾಗುತ್ತಿರಲಿಲ್ಲ. ಕೆಲವೊಮ್ಮೆ ಅವರಿಬ್ಬರಿಗೇ ಗೊತ್ತಿರುತ್ತಿರಲಿಲ್ಲವೇನೋ! ತಮಾಷೆಯಾಗಿ ಶುರುವಾದದ್ದು ನಿಜವಾಗಲು ಅಲ್ಲಿ ಜಾಗ ಇತ್ತು. ನಿಜ ಅಂದುಕೊಂಡದ್ದು ಮುರಿದರೆ ‘ಅದು ತಮಾಷೆ’ ಎಂದು ಹೇಳಿಕೊಂಡು ಮರ್ಯಾದೆಯಿಂದ ಹಿಂದೆ ಸರಿಯಲೂ ಜಾಗ ಇತ್ತು. ಹುಡುಗಿ ಕೊನೆಗೆ ಒಬ್ಬನನ್ನು ಆರಿಸಿಕೊಂಡಾಗ ಉಳಿದ ಕಶೆನ್‌ಗಳು ಅವಳ ಮದುವೆಗೆ ಬಂದು ಕುಣಿಯುತ್ತಿದ್ದರು. ಹದಿಹರೆಯದ ಮನಸ್ಸಿಗೆ ಇಷ್ಟು ಚೆನ್ನಾಗಿ ಅಭ್ಯಾಸ ಕೊಡುವ ವ್ಯವಸ್ಥೆ ಬೇರೆ ಎಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಕುಣಿತ ಅಂದೆ. ಅದನ್ನು ‘ಜೆಗು’ ಅನ್ನುತ್ತಾರೆ. ಇವತ್ತು ಯೂಟ್ಯೂಬಿನಲ್ಲಿ ಬೇಕಾದಷ್ಟು ಜೆಗು ನೋಡಬಹುದು. ಸುತ್ತ ವೃತ್ತವಾಗಿ ಜನ. ಅಕಾರ್ಡಿಯನ್ ನುಡಿಯುತ್ತಿರುತ್ತದೆ. ಮರದ ಪಟ್ಟಿಗಳನ್ನು ದಾರದಲ್ಲಿ ಪೋಣಿಸಿ ಮಾಡಿದ ಪ್ಖಾಚಿಚ್ ಎಂಬ ತಾಳ ಟಕಟಕ ಬಡಿಯುತ್ತಿರುತ್ತದೆ. ನಡುವೆ ಒಂದೇ ಜೋಡಿ. ಹುಡುಗಿ ನೆಲದ ಮೇಲೆ ಜಾರುವ ಹಾಗೆ ಬರುತ್ತಾಳೆ, ಹೆಜ್ಜೆ ಎತ್ತಿ ಇಟ್ಟದ್ದೇ ಕಾಣುವುದಿಲ್ಲ. ಕಣ್ಣು ಸ್ವಲ್ಪ ಕೆಳಗೆ. ಹುಡುಗ ತುದಿಗಾಲಿನ ಮೇಲೆ, ಬೆನ್ನು ನೆಟ್ಟಗೆ. ಅವಳನ್ನು ಮುಟ್ಟುವ ಹಾಗಿಲ್ಲ. ಅವಳಿಗೆ ಬೆನ್ನು ತೋರಿಸುವ ಹಾಗಿಲ್ಲ. ಅವಳು ದಾರಿ ಬದಲಿಸಿದರೆ ಅವನೂ ಬದಲಿಸಬೇಕು. ನೋಡುತ್ತಾ ಹೋದರೆ ಹುಡುಗಿಯ ಆಟ ತಿಳಿಯುತ್ತದೆ. ಬಲಕ್ಕೆ ಹೊರಟ ಹಾಗೆ ಮಾಡಿ ಎಡಕ್ಕೆ ಸರಿಯುತ್ತಾಳೆ. ಅವನು ಒಂದು ಹೆಜ್ಜೆ ತಪ್ಪಿದರೆ ಸುತ್ತ ನಿಂತವರು ಚಪ್ಪಾಳೆಯ ವೇಗ ಹೆಚ್ಚಿಸುತ್ತಾರೆ. ಅವಳ ಮುಖದಲ್ಲಿ ನಗು ಕಾಣುವುದಿಲ್ಲ, ತುಟಿಯ ಅಂಚಿನಲ್ಲಿ ಮಾತ್ರ ಏನೋ ಇರುತ್ತದೆ. ಕೋಣೆಯಲ್ಲಿ ಮಾತಿನಿಂದ ಆಡಿದ ಆಟವನ್ನೇ ಇಲ್ಲಿ ಕಾಲಿನಿಂದ ಆಡುತ್ತಿದ್ದಾಳೆ, ಅಲ್ವಾ?

ಜೆಗು ನಡೆಸುವವನು ಹತಿಯಾಕೊ. ಕೈಯಲ್ಲಿ ಕೋಲು. ಯಾರ ಜೊತೆ ಯಾರು ಕುಣಿಯಬೇಕು ಎಂದು ಅವನೇ ಹೇಳುತ್ತಾನೆ. ಬಾಯಿ ತುಂಬಾ ಚುರುಕು. ಹಳೆಯ ಕಾಲದ ಜೆಗುಗಳಲ್ಲಿ ಕುಣಿಯುತ್ತಿದ್ದ ಹುಡುಗಿಯನ್ನು ನಡುವೆಯೇ ತಡೆದು ನಿಲ್ಲಿಸಿ, ಅವಳನ್ನು ಹೊಗಳಿ, ಬಿಡಬೇಕಾದರೆ ಏನು ಕೊಡುತ್ತೀರಿ ಎಂದು ಹುಡುಗರ ಕಡೆ ತಿರುಗುವ ಪದ್ಧತಿ ಇತ್ತು. ಬಿಡುಗಡೆಗೆ ಕೊಡುಗೆ ಬರುತ್ತಿತ್ತು, ಪಿಸ್ತೂಲು ಆಕಾಶಕ್ಕೆ ಹಾರುತ್ತಿತ್ತು. ಯಾರು ಮೊದಲು ಪಿಸ್ತೂಲಿಗೆ ಕೈ ಹಾಕಿದರು ಅನ್ನುವುದನ್ನು ಇಡೀ ಊರು ಗಮನಿಸುತ್ತಿತ್ತು. ಮರುದಿನದ ಹರಟೆಗೆ ಅಷ್ಟು ಸಾಕು.

ಇನ್ನು ನನಗೆ ತುಂಬಾ ಇಷ್ಟವಾದದ್ದು ‘ಚಾಪ್ಶ್’. 1836ರಲ್ಲಿ ಖಾನ್-ಗಿರೇ ಎಂಬ ಅದಿಘೆ ಅಧಿಕಾರಿ, ರಷ್ಯಾದ ಸೇನೆಯಲ್ಲಿದ್ದವನು, ತನ್ನ ಜನರ ಬಗ್ಗೆ ಬರೆದ ಟಿಪ್ಪಣಿಗಳಲ್ಲಿ ಇದರ ವಿವರ ಇದೆ. ಯಾರಿಗಾದರೂ ಗಾಯವಾದರೆ, ಮೂಳೆ ಮುರಿದರೆ, ಅವನನ್ನು ರಾತ್ರಿ ನಿದ್ದೆ ಮಾಡಲು ಬಿಡಬಾರದು ಎಂದು ಅವರ ನಂಬಿಕೆ. ನಿದ್ದೆ ಹೋದರೆ ಕೆಟ್ಟ ಶಕ್ತಿಗಳು ಹತ್ತಿರ ಬರುತ್ತವೆ. ಎಚ್ಚರ ಇಡುವುದು ಹೇಗೆ? ಊರಿನ ಹುಡುಗ ಹುಡುಗಿಯರನ್ನೆಲ್ಲ ಅವನ ಕೋಣೆಗೆ ಕರೆಯುವುದು! ಹೊಸ್ತಿಲ ಬಳಿ ನೇಗಿಲಿನ ಕಬ್ಬಿಣದ ಗುಳ, ಅದರ ಮೇಲೊಂದು ಸುತ್ತಿಗೆ. ಪಕ್ಕದಲ್ಲಿ ನೀರಿನ ಬಟ್ಟಲು, ಅದರೊಳಗೆ ಒಂದು ಮೊಟ್ಟೆ. ಒಳಗೆ ಬರುವವರು ಸುತ್ತಿಗೆಯಿಂದ ಗುಳಕ್ಕೆ ಮೂರು ಸಲ ಬಡಿದು, ರೋಗಿಯ ಮೇಲೆ ಆ ನೀರು ಚಿಮುಕಿಸಬೇಕು.

ಆಮೇಲೆ ಶುರು ಹಾಡು, ಆಟ, ಗಲಾಟೆ. ಒಂದು ಆಟದಲ್ಲಿ ಅಂಗೈ ಮೇಲೆ ಹೊಡೆಯಬೇಕು. ಹುಡುಗ ಹುಡುಗಿಯ ಮುಂದೆ ಬಂದು ಕೈ ಕೇಳುತ್ತಾನೆ, ಅಂಗೈಗೆ ಒಂದು ಏಟು ಕೊಡುತ್ತಾನೆ. ನಂತರ ಅವಳ ಸರದಿ, ತನಗೆ ಬೇಕಾದವನ ಮುಂದೆ ಹೋಗಿ ಅವಳು ಹೊಡೆಯುತ್ತಾಳೆ. ಕುಣಿತದಲ್ಲೂ ಮುಟ್ಟುವುದಕ್ಕೆ ಇಷ್ಟು ಕಟ್ಟಳೆ ಇದ್ದ ಸಮಾಜದಲ್ಲಿ ಈ ಆಟ ಬೇಗ ಮುಗಿಯುತ್ತಿರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಇನ್ನೊಂದು ಆಟದಲ್ಲಿ ರೊಟ್ಟಿಯನ್ನು ಹಗ್ಗದಲ್ಲಿ ತೂಗು ಹಾಕಿ, ಕೈ ತಾಗಿಸದೆ ಬಾಯಲ್ಲೇ ಕಚ್ಚಬೇಕು. ರೊಟ್ಟಿ ತೂಗಾಡುತ್ತದೆ, ಮೂಗಿಗೆ ಬಡಿಯುತ್ತದೆ. ಎಲ್ಲರ ಮುಂದೆ ಗಂಭೀರವಾಗಿ ಇರಬೇಕಾದ ಗಂಡು ಬಾಯಿ ತೆರೆದುಕೊಂಡು ರೊಟ್ಟಿಯ ಹಿಂದೆ ಅಲೆಯುತ್ತಾನೆ. ಹಾಸಿಗೆಯ ಮೇಲೆ ಮೂಳೆ ಮುರಿದುಕೊಂಡವನೂ ನರಳುವ ಹಾಗಿಲ್ಲ. ನರಳಿದರೆ ಅವಮಾನ. ಅವನೂ ನಗಬೇಕು, ಅವನೂ ಒಂದು ಮಾತು ಸೇರಿಸಬೇಕು. ಯಾವ ಹುಡುಗಿಯ ಮೇಲೆ ಅವನಿಗೆ ಮನಸ್ಸಿತ್ತೋ ಅವಳು ಆ ಕೋಣೆಯಲ್ಲೇ ಇದ್ದಿರಬಹುದು. ನೋವನ್ನು ನುಂಗಿ ಅವಳನ್ನು ನಗಿಸಿದ ಹುಡುಗನಿಗೆ ಬೇರೆ ಶಿಫಾರಸು ಬೇಕಾಗಿತ್ತೇ? ನೋವು, ಮದ್ದು, ಪ್ರೇಮ, ನಗು ನಾಲ್ಕೂ ಒಂದೇ ಕೋಣೆಯಲ್ಲಿ. ಆಸ್ಪತ್ರೆ ಬೇರೆ, ಹಬ್ಬ ಬೇರೆ ಎಂದು ಅಭ್ಯಾಸವಾದ ನನಗೆ ಇದನ್ನು ಓದಿದಾಗ ಹೊಟ್ಟೆಕಿಚ್ಚೇ ಆಯಿತು.

ಮದುವೆಯಲ್ಲೂ ನಗು ನಿಲ್ಲುವುದಿಲ್ಲ. ಅಲ್ಲಿ ‘ಅಜೆಗಾಫೆ’ ಬರುತ್ತಾನೆ. ಉಣ್ಣೆಯ ಮುಖವಾಡ, ಮೇಕೆಯ ಗಡ್ಡ, ಕೊಂಬು, ಕೈಯಲ್ಲಿ ಚಾಟಿ. ಖಬ್ಜೆಯ ಯಾವ ಕಟ್ಟಳೆಯೂ ಅವನಿಗೆ ಇಲ್ಲ. ದೊಡ್ಡ ಮನುಷ್ಯರನ್ನೂ ಆಡಿಕೊಳ್ಳಬಹುದು. ಇದ್ದಕ್ಕಿದ್ದ ಹಾಗೆ ಸತ್ತು ಬೀಳುತ್ತಾನೆ. ಜೊತೆಯವರು ಗೋಳಾಡುತ್ತಾರೆ. ನೆಂಟರು ದುಡ್ಡೋ ಉಡುಗೊರೆಯೋ ಕೊಟ್ಟ ಮೇಲೆ ಎದ್ದು ಕುಣಿಯುತ್ತಾನೆ. ವರ ಮಾತ್ರ ಈ ಗದ್ದಲದಲ್ಲಿ ಎಲ್ಲೂ ಇಲ್ಲ. ನಾಚಿಕೆಯ ಕಾರಣಕ್ಕೆ ಅವನು ಗೆಳೆಯನ ಮನೆಯಲ್ಲಿ ಅಡಗಿರುತ್ತಾನೆ. ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಅವಳ ತುಟಿಗೆ ಜೇನು ಮತ್ತು ಬೆಣ್ಣೆ ಸವರುತ್ತಾರೆ. ಇನ್ನೊಂದು ಚಂದದ ನಾಟಕ ಇದೆ. ವರನ ಅಜ್ಜಿ ‘ಹೊಸಬಳು ಬಂದಳು, ಇನ್ನು ನನಗೆ ಇಲ್ಲೇನು ಕೆಲಸ’ ಅನ್ನುವ ಹಾಗೆ ಮುನಿಸಿಕೊಂಡು ಮನೆ ಬಿಟ್ಟು ಓಡುತ್ತಾಳೆ. ಎಲ್ಲರೂ ಹಿಂದೆ ಓಡಿ, ರಮಿಸಿ, ನಗಿಸಿ ವಾಪಸ್ ಕರೆತರುತ್ತಾರೆ. ಅತ್ತೆ ಸೊಸೆ ಜಗಳ ಮುಂದೆ ಎಂದಾದರೂ ಆಗಿಯೇ ಆಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಮೊದಲ ಜಗಳವನ್ನು ಊರೆಲ್ಲ ಸೇರಿ ಆಟವಾಗಿ ಆಡಿಬಿಟ್ಟರು.

ಇಂಥ ಹುಡುಗಿಗೆ ಪುರಾಣದಲ್ಲೂ ಒಬ್ಬ ಅಕ್ಕ ಇದ್ದಾಳೆ. ಕಾಕಸಸ್ಸಿನ ‘ನಾರ್ಟ್’ ಎಂಬ ಪುರಾಣದ ವೀರರ ಕಥೆಗಳಲ್ಲಿ ಬರುವ ಮಲೆಚಿಪ್ಖ್. ಬಲು ಜಾಣೆ. ಒಗಟಿನಲ್ಲೇ ಮಾತಾಡುತ್ತಾಳೆ. ದೊಡ್ಡ ದೊಡ್ಡ ಸವಾರರು ಅವಳ ಮಾತಿನ ಅರ್ಥ ಬಿಡಿಸಲಾಗದೆ ತಡಬಡಿಸುತ್ತಾರೆ. ಕತ್ತಿ, ಕುದುರೆ, ದೈತ್ಯರೇ ತುಂಬಿದ ಕಥೆಗಳ ನಡುವೆ ಒಬ್ಬಳು ಹುಡುಗಿ ಬರೀ ನಾಲಿಗೆಯಿಂದ ಗೆಲ್ಲುತ್ತಾಳೆ. ಕೇಳುವವರಿಗೆ ಅವಳು ಪುರಾಣದವಳು ಅನ್ನಿಸುತ್ತಿರಲಿಲ್ಲ, ಪಕ್ಕದ ಮನೆಯವಳು ಅನ್ನಿಸುತ್ತಿದ್ದಳು ಅಂತ ನನ್ನ ಊಹೆ.

ಇಷ್ಟೆಲ್ಲ ಹೇಳಿ ಇದೊಂದು ಸ್ವರ್ಗ ಅನ್ನುವ ಚಿತ್ರ ಕೊಟ್ಟರೆ ತಪ್ಪಾಗುತ್ತದೆ. ಆ ಸಮಾಜದಲ್ಲಿ ರಾಜಮನೆತನದವರಿದ್ದರು, ಕುಲೀನರಿದ್ದರು, ರೈತರಿದ್ದರು, ಜೀತದವರೂ ಇದ್ದರು. ಕೋಣೆ, ಗೆಳೆಯ, ನಯವಾದ ಮಾತು ಇದೆಲ್ಲ ಜೀತದ ಹುಡುಗಿಗೆ ಸಿಗುತ್ತಿರಲಿಲ್ಲ. ವಧುವಿಗೆ ಬೆಲೆ ಕಟ್ಟುವುದಿತ್ತು. ಹುಡುಗಿಯನ್ನು ಹೊತ್ತೊಯ್ಯುವುದೂ ಇತ್ತು. ಎಷ್ಟೋ ಸಲ ಅದು ಇಬ್ಬರೂ ಒಪ್ಪಿ ಆಡಿದ ನಾಟಕ, ಎಷ್ಟೋ ಸಲ ಅಲ್ಲ. ಒಟ್ಟೋಮನ್ ಜನಾನಾಗಳಿಗೆ ಸರ್ಕೇಶಿಯನ್ ಹುಡುಗಿಯರು ಮಾರಾಟವಾಗುತ್ತಿದ್ದರು. ಯುರೋಪು ಅಮೆರಿಕಗಳಿಗೆ ಗೊತ್ತಾದದ್ದು ಆ ಹುಡುಗಿ ಮಾತ್ರ. 1860ರ ದಶಕದಲ್ಲಿ ಪಿ. ಟಿ. ಬಾರ್ನಮ್ ಎಂಬ ಪ್ರದರ್ಶನದ ವ್ಯಾಪಾರಿ ನ್ಯೂಯಾರ್ಕಿನ ತನ್ನ ಮ್ಯೂಸಿಯಮ್ಮಿನಲ್ಲಿ ‘ಸರ್ಕೇಶಿಯನ್ ಸುಂದರಿ’ ಎಂದು ಕೂದಲು ಕೆದರಿದ ಹೆಂಗಸನ್ನು ಕೂರಿಸಿ ಟಿಕೆಟ್ ಮಾರಿದ. ಆ ಮೇಲೆ ಇಂಥ ‘ಸುಂದರಿ’ಯರು ಅಮೆರಿಕದ ಸರ್ಕಸ್ಸುಗಳಲ್ಲೆಲ್ಲ ಬಂದರು. ಅವರಲ್ಲಿ ಬಹುತೇಕರು ಅಮೆರಿಕದವರೇ. ಜನ ಬರುತ್ತಿದ್ದದ್ದು ನೋಡುವುದಕ್ಕೆ. ಅದೇ ಹೊತ್ತಿಗೆ ತನ್ನ ಊರಿನಲ್ಲಿ ನಿಜವಾದ ಅದಿಘೆ ಹುಡುಗಿಯನ್ನು ಜನ ಮೆಚ್ಚುತ್ತಿದ್ದದ್ದು ಅವಳು ಏನು ಉತ್ತರ ಕೊಟ್ಟಳು ಅನ್ನುವುದಕ್ಕೆ. ಈ ಅನ್ಯಾಯ ನನ್ನನ್ನು ಬಹಳ ಕಾಡುತ್ತದೆ.

ಮತ್ತೆ ಆ ದಶಕ ಎಂಥದ್ದು! ರಷ್ಯಾದ ಸಾಮ್ರಾಜ್ಯ ದಶಕಗಟ್ಟಲೆ ನಡೆಸಿದ ಯುದ್ಧ 1864ರ ಮೇ 21ಕ್ಕೆ ಮುಗಿಯಿತು. ಬದುಕಿ ಉಳಿದ ಅದಿಘೆಗಳಲ್ಲಿ ಹೆಚ್ಚಿನವರನ್ನು ಕಪ್ಪು ಸಮುದ್ರದ ಆಚೆಗೆ ಅಟ್ಟಲಾಯಿತು. ದಡದಲ್ಲಿ, ಹಡಗಿನಲ್ಲಿ, ಇಳಿದ ಬಂದರಿನಲ್ಲಿ ಹಸಿವಿಗೆ, ರೋಗಕ್ಕೆ ಲಕ್ಷಗಟ್ಟಲೆ ಜನ ಸತ್ತರು. ಅವರ ನೆರೆಯ ಉಬಿಖ್ ಜನ ಇಡಿಯಾಗಿ ನಾಡು ಬಿಟ್ಟರು. ಅವರ ಭಾಷೆಯನ್ನು ಚೆನ್ನಾಗಿ ಬಲ್ಲ ಕೊನೆಯ ವ್ಯಕ್ತಿ ತೆವ್‌ಫಿಕ್ ಎಸೆಂಚ್ ಟರ್ಕಿಯಲ್ಲಿ 1992ರಲ್ಲಿ ತೀರಿಕೊಂಡರು. ಇಂಥ ನಾಶ ಕಂಡವರು ಹೊಸ ನೆಲದಲ್ಲಿ ಗುಡಿಸಲು ಕಟ್ಟಿಕೊಂಡು, ಸಂಜೆ ಹುಡುಗ ಹುಡುಗಿಯರನ್ನು ಸೇರಿಸಿ ಮತ್ತೆ ಝೆಖೆಸ್ ಶುರು ಮಾಡಿದರು. ಜೊತೆಗೆ ತಂದದ್ದು ಬಹಳ ಕಡಿಮೆ. ಅದರಲ್ಲಿ ತಮಾಷೆ ಮಾಡುವ ಕಟ್ಟಳೆಯೂ ಇತ್ತು.

ಈಗ ಹಳ್ಳಿಗಳು ಖಾಲಿಯಾಗಿ ಜನ ಅಂಕಾರಾ, ಇಸ್ತಾಂಬುಲ್ ಸೇರಿದ್ದಾರೆ. ಇತ್ತ ಕಾಕಸಸ್ಸಿನ ಮೈಕೋಪ್, ನಾಲ್ಚಿಕ್ ನಗರಗಳ ಚೌಕಗಳಲ್ಲಿ ಹುಡುಗರು ಮತ್ತೆ ಜೆಗು ಆಡುತ್ತಾರೆ. ಟರ್ಕಿಯ ಸಂಘಗಳ ಕಟ್ಟಡಗಳಲ್ಲಿ ಕುಣಿತ ಕಲಿಸುತ್ತಾರೆ. ಕುಣಿತ ಉಳಿಯುತ್ತದೆ, ಅದರ ಬಗ್ಗೆ ನನಗೆ ಚಿಂತೆ ಇಲ್ಲ. ಅದನ್ನು ನೋಡಿ ಕಲಿಯಬಹುದು. ಮಾತಿನ ಆಟಕ್ಕೆ ಭಾಷೆ ಬೇಕು, ಬರೀ ಭಾಷೆ ಅಲ್ಲ, ತಟ್ಟನೆ ಉತ್ತರ ಹೊಳೆಯುವಷ್ಟು ಭಾಷೆ. ಟರ್ಕಿಯಲ್ಲಿ ಹುಟ್ಟಿದ ಎಷ್ಟೋ ಮಕ್ಕಳಿಗೆ ಆ ಭಾಷೆ ಅಷ್ಟು ಬರುವುದಿಲ್ಲ. ಅವರ ಝೆಖೆಸ್ ಟರ್ಕಿಷ್‌ನಲ್ಲಿ ನಡೆಯುತ್ತದೆ.

ನಾರ್ಟ್ ವೀರರ ಕಥೆಗಳಿಗೆ ಅದೃಷ್ಟ ಇತ್ತು. ಅಸ್ಕೆರ್ ಹದಗಾತ್ಲ್ ಎಂಬ ವಿದ್ವಾಂಸರು ಅವನ್ನು ಊರೂರಿನಿಂದ ಸಂಗ್ರಹಿಸಿ, 1968ರಿಂದ 1971ರ ನಡುವೆ ಮೈಕೋಪ್‌ನಲ್ಲಿ ಏಳು ಸಂಪುಟಗಳಾಗಿ ಹೊರತಂದರು. ಒಂದು ರಾತ್ರಿಯ ಝೆಖೆಸ್ ಮಾತನ್ನು ಹಾಗೆ ಬರೆದಿಟ್ಟುಕೊಂಡವರು ಕಡಿಮೆ. ಆ ಮಾತು ಅಲ್ಲೇ ಹುಟ್ಟಿ, ಅಲ್ಲೇ ನಗಿಸಿ ಮುಗಿದುಹೋಗುತ್ತಿತ್ತು. ಉಜುನ್‌ಯಾಯ್ಲಾದ ಹಳ್ಳಿಗಳಲ್ಲಿ ತಮ್ಮ ಕಶೆನ್‌ಗಳಿಗೆ ಏನೇನು ಉತ್ತರ ಕೊಟ್ಟಿದ್ದೆವು ಎಂದು ನೆನಪಿರುವ ಅಜ್ಜಿಯರು ಇನ್ನೂ ಇದ್ದಾರೆ. ಅವರ ಮೊಮ್ಮಕ್ಕಳ ಕೈಯಲ್ಲಿ ಫೋನ್ ಇದೆ. ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಅವರು ಒಂದು ಸಂಜೆ ಅಜ್ಜಿಯ ಎದುರು ಕೂತು, ರೆಕಾರ್ಡಿಂಗ್ ಒತ್ತಿ, ‘ನಿನ್ನನ್ನು ಕೇಳೋಕೆ ಯಾರ್ಯಾರು ಬಂದಿದ್ದರು, ನೀನು ಏನಂದೆ’ ಎಂದು ಅದಿಘೆಯಲ್ಲೇ ಕೇಳಲಿ.